ತೋಳಮಾನವನ ಮರುದಿನ ಬೆಳಗು

ಪ್ರಶ್ನೆ: ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ 1970ರ ದಶಕದ ಎರಡು ಇಂಗ್ಲಿಷ್ ತೋಳಮಾನವ ಕಾದಂಬರಿಗಳು ಸಿಕ್ಕವು. ಒಂದು ಹಿಡಿಸಿತು, ಇನ್ನೊಂದನ್ನು ಅರ್ಧಕ್ಕೆ ಬಿಟ್ಟೆ. ಮನುಷ್ಯ ತೋಳವಾಗುವುದನ್ನು ಸಿನಿಮಾ ಎಷ್ಟೋ ಚೆನ್ನಾಗಿ ತೋರಿಸುತ್ತಿರುವಾಗ, ಈ ಹಳೆಯ ಕಾದಂಬರಿಗಳನ್ನು ಜನ ಹುಡುಕಿಕೊಂಡು ಹೋಗಿ ಓದುವುದೇಕೆ? ಓದುವುದಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಒಂದು ಊಹೆ ಇದೆ. ತೋಳಮಾನವನ ಕಥೆಯಲ್ಲಿ ಮುಖ್ಯವಾದದ್ದು ಮನುಷ್ಯ ತೋಳವಾಗುವ ಗಳಿಗೆ ಎಂದು ನೀವು ಭಾವಿಸಿದ್ದೀರಿ. ಸಿನಿಮಾದ ಮಟ್ಟಿಗೆ ಅದು ಸರಿಯೇ. ಮೂಳೆ ಮುರಿಯುವ ಸದ್ದು, ಮೈಮೇಲೆ ಮೂಡುವ ಕೂದಲು, ಉದ್ದವಾಗುತ್ತ ಹೋಗುವ ಮೂತಿ, ಇವೆಲ್ಲ ಕಣ್ಣಿಗೆ ಕಾಣಬೇಕಾದವು; ಇವನ್ನು ಮಾತಿನಲ್ಲಿ ವರ್ಣಿಸಲು ಹೊರಟ ಲೇಖಕರು ಬಹುಪಾಲು ಸೋತಿದ್ದಾರೆ. ಆದರೆ ಈ ಬಗೆಯ ಹಳೆಯ ಕಾದಂಬರಿಗಳಲ್ಲಿ ಉತ್ತಮವಾದವನ್ನು ತೆಗೆದು ನೋಡಿದರೆ, ಆ ಗಳಿಗೆ ಒಂದೋ ತೆರೆಮರೆಯಲ್ಲಿ ಕಳೆದುಹೋಗುತ್ತದೆ, ಇಲ್ಲವೇ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಅವುಗಳ ಗಮನವೆಲ್ಲ ಮರುದಿನದ ಬೆಳಗಿನ ಮೇಲೆ. ರಾತ್ರಿ ತಾನು ಎಲ್ಲಿದ್ದೆನೆಂಬುದು ತಿಳಿಯದೆ ಎಚ್ಚರಗೊಳ್ಳುವವನು ಒಬ್ಬ. ಅವನಿಗೆ ತಿಳಿಯುವ ಮೊದಲೇ ಎಲ್ಲವೂ ತಿಳಿದುಹೋಗಿರುವ, ತಿಳಿದೂ ಬಾಯಿ ಬಿಡಲಾಗದ ಮನೆಯವರು ಕೆಲವರು. ಊರ ಕಡೆಯಿಂದ ಬರುವ ಸುದ್ದಿ ಒಂದು. ಈ ಮೂರರ ನಡುವೆ ಹುಟ್ಟುವ ಭಯವನ್ನು ಹೇಳುವುದಕ್ಕೆ ಕಾದಂಬರಿಯೇ ಬೇಕು, ಏಕೆಂದರೆ ಅದು ಕಣ್ಣಿಗೆ ಕಾಣುವ ಭಯವಲ್ಲ. ಈ ಪುಸ್ತಕಗಳನ್ನು ಬಹುಕಾಲದಿಂದ ಓದುತ್ತ ಬಂದಿರುವ ನನಗೆ ಅವುಗಳ ಸೆಳೆತದ ಮೂಲ ಇಲ್ಲಿಯೇ ಇದೆ ಎಂದು ತೋರಿದೆ.

ರಕ್ತಪಿಶಾಚಿಯ ಕಥೆಯ ಪಕ್ಕದಲ್ಲಿ ಇಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ರಕ್ತಪಿಶಾಚಿಗೆ ಸಾಮಾನ್ಯವಾಗಿ ಕೋಟೆಯಿದೆ, ವಂಶದ ಹಿರಿಮೆಯಿದೆ, ತಾನು ಏನೆಂಬುದರ ಪೂರ್ಣ ಅರಿವಿದೆ, ಅವನಿಗೆ ಪಶ್ಚಾತ್ತಾಪವಿಲ್ಲ. ತೋಳಮಾನವನಾದರೋ ಬೆಳಗಾದೊಡನೆ ತನ್ನ ಮನೆಗೇ ಹಿಂತಿರುಗಬೇಕು, ಅದೇ ಮೇಜಿನ ಮುಂದೆ ಕುಳಿತು ಉಣ್ಣಬೇಕು, ಅದೇ ಜನರ ಮುಖ ನೋಡಬೇಕು. ಆದ್ದರಿಂದ ಈ ಕಥೆ ಎಷ್ಟೇ ಕಾಡುಮೇಡು ಸುತ್ತಿದರೂ ಕೊನೆಗೆ ಒಂದು ಸಂಸಾರದ ಕಥೆಯಾಗಿಯೇ ನಿಲ್ಲುತ್ತದೆ.

ಇನ್ನೊಂದು ಸಂಗತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹುಣ್ಣಿಮೆ, ಬೆಳ್ಳಿ, ಕಚ್ಚಿದರೆ ಹರಡುವ ಶಾಪ ಎಂಬ ನಿಯಮಗಳನ್ನು ನಾವು ಅನಾದಿಕಾಲದವೆಂದು ತಿಳಿದಿರುತ್ತೇವೆ. ಬಿಡಿಬಿಡಿಯಾಗಿ ಅವು ಹಳೆಯ ಕಥೆಗಳಲ್ಲಿ ಇರುವುದು ನಿಜ. ರೋಮನ್ ಲೇಖಕ ಪೆಟ್ರೋನಿಯಸ್ ಹೇಳಿದ ಕಥೆಯಲ್ಲಿಯೂ ಸೈನಿಕನೊಬ್ಬ ತೋಳವಾಗುವುದು ಹಗಲಿನಂಥ ಬೆಳದಿಂಗಳಿನಲ್ಲಿಯೇ. ಆದರೆ ಅವನ್ನೆಲ್ಲ ಕಟ್ಟಾಗಿ ಕಟ್ಟಿ ಜಗತ್ತಿಗೆ ಹಂಚಿದ್ದು 1941ರಲ್ಲಿ ಯೂನಿವರ್ಸಲ್ ಸಂಸ್ಥೆ ತಯಾರಿಸಿದ, ಕರ್ಟ್ ಸಿಯೋಡ್‌ಮ್ಯಾಕ್ ಬರೆದ ‘ದಿ ವುಲ್ಫ್ ಮ್ಯಾನ್’ ಚಿತ್ರ ಮತ್ತು ಅದರ ಮುಂದಿನ ಭಾಗಗಳು. ಮೊದಲ ಚಿತ್ರದ ಪ್ರಸಿದ್ಧ ಪದ್ಯದಲ್ಲಿ ಇದ್ದದ್ದು ಶರತ್ಕಾಲದ ಚಂದ್ರ ಮತ್ತು ಒಂದು ವಿಷದ ಹೂವು. ಅದು ಪೂರ್ಣಚಂದ್ರನಾದದ್ದು 1943ರ ಎರಡನೆಯ ಚಿತ್ರದಲ್ಲಿ. ಅದಕ್ಕೂ ಮುಂಚಿನ ಕಾದಂಬರಿಕಾರರಿಗೆ ಇಂಥ ಸಿದ್ಧ ನಿಯಮಾವಳಿ ಇರಲಿಲ್ಲ, ಪ್ರತಿಯೊಬ್ಬರೂ ತಮ್ಮದೇ ನಿಯಮವನ್ನು ಕಟ್ಟಿಕೊಳ್ಳಬೇಕಾಗಿತ್ತು. ಪರಿಣಾಮವಾಗಿ, ಈ ಶಾಪ ಯಾವಾಗ ತಟ್ಟುತ್ತದೆ, ಯಾವುದಕ್ಕೆ ಅಂಜುತ್ತದೆ ಎಂಬುದು ಕಥೆಯ ಪಾತ್ರಗಳಿಗೆ ತಿಳಿಯದಂತೆ ಓದುಗನಿಗೂ ತಿಳಿದಿರುವುದಿಲ್ಲ. ಇಂದಿನ ಓದುಗನಿಗೆ ಹೊಸ ಪುಸ್ತಕ ಕೊಡಲಾರದ ಅನಿಶ್ಚಿತತೆಯನ್ನು ಹಳೆಯ ಪುಸ್ತಕ ಕೊಡುವುದು ಈ ಕಾರಣಕ್ಕೆ.

ಉದಾಹರಣೆಗೆ ಜಿ. ಡಬ್ಲ್ಯೂ. ಎಂ. ರೆನಾಲ್ಡ್ಸ್ 1846-47ರಲ್ಲಿ ತನ್ನದೇ ಅಗ್ಗದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ‘ವ್ಯಾಗ್ನರ್, ದಿ ವೇರ್‌ವುಲ್ಫ್’ ಕಾದಂಬರಿಯಲ್ಲಿ, ಜರ್ಮನಿಯ ಕಪ್ಪುಕಾಡಿನ ಅಂಚಿನಲ್ಲಿ ಒಂಟಿಯಾಗಿ ಬದುಕುವ ತೊಂಬತ್ತು ವರ್ಷದ ಮುದುಕನೊಬ್ಬ ಯೌವನ ಮತ್ತು ಸಂಪತ್ತಿನ ಆಸೆಗೆ ಬಲಿಬಿದ್ದು, ಪ್ರತಿ ತಿಂಗಳ ಕೊನೆಯ ದಿನ ಸೂರ್ಯಾಸ್ತಕ್ಕೆ ತೋಳವಾಗುವ ಕರಾರಿಗೆ ಒಪ್ಪುತ್ತಾನೆ. ಚಂದ್ರನ ಕಲೆ ಹೇಗಿದ್ದರೂ ಅಲ್ಲಿ ಲೆಕ್ಕವಿಲ್ಲ, ಕ್ಯಾಲೆಂಡರಿನ ತಾರೀಕು ಮಾತ್ರ ಲೆಕ್ಕ. ರೂಪಾಂತರವನ್ನು ರೆನಾಲ್ಡ್ಸ್ ಮನಸಾರೆ ವರ್ಣಿಸುತ್ತಾನೆ. ನಾನು ಮೇಲೆ ಹೇಳಿದ ಮಾತಿಗೆ ಇವನು ಅಪವಾದ. ಈ ರೆನಾಲ್ಡ್ಸ್ 19ನೆಯ ಶತಮಾನದ ಭಾರತದಲ್ಲಿ ಅತಿ ಹೆಚ್ಚು ಓದಿಸಿಕೊಂಡ, ಹಲವು ಭಾರತೀಯ ಭಾಷೆಗಳಿಗೆ ಹೋದ ಇಂಗ್ಲಿಷ್ ಕಾದಂಬರಿಕಾರರಲ್ಲಿ ಒಬ್ಬ ಎಂಬುದನ್ನು ನೆನೆದರೆ, ನಮ್ಮ ದೇಶದ ಓದುಗರಿಗೆ ಅವನ ರಮ್ಯ ಭೀಕರ ಲೋಕ ತೀರ ಹೊಸದಲ್ಲವೆಂಬುದು ತಿಳಿಯುತ್ತದೆ. ಆದರೂ ಮೊದಲ ಓದಿಗೆ ಇದನ್ನು ನಾನು ಸೂಚಿಸುವುದಿಲ್ಲ. ವಾರವಾರಕ್ಕೆ ಎಳೆದು ಬೆಳೆಸಿದ ಕಥೆ ಫ್ಲಾರೆನ್ಸ್ ನಗರದ ಒಳಸಂಚುಗಳಲ್ಲಿ ದಾರಿ ತಪ್ಪುತ್ತದೆ, ತೋಳ ನೂರಾರು ಪುಟಗಳ ನಡುವೆ ಅಲ್ಲೊಮ್ಮೆ ಇಲ್ಲೊಮ್ಮೆ ಕಾಣಿಸುತ್ತದೆ.

ಮೊದಲು ಓದಬೇಕಾದದ್ದು ಕ್ಲೆಮೆನ್ಸ್ ಹೌಸ್‌ಮನ್ ಬರೆದ ‘ದಿ ವೇರ್‌ವುಲ್ಫ್’. 1890ರಲ್ಲಿ ಪತ್ರಿಕೆಯಲ್ಲಿ, 1896ರಲ್ಲಿ ಪುಸ್ತಕವಾಗಿ ಬಂದ ಈ ಕಿರುಕಾದಂಬರಿಯನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಮರದಚ್ಚಿನ ಕೆತ್ತನೆಯ ಕಸುಬು ಕಲಿಯುತ್ತಿದ್ದಾಗ ಜೊತೆಯ ವಿದ್ಯಾರ್ಥಿನಿಯರಿಗೆ ಬಾಯಲ್ಲಿ ಹೇಳಿದ ಕಥೆ ಇದು. ಆ ಹೇಳಿಕೆಯ ಹದ ಬರವಣಿಗೆಯಲ್ಲಿಯೂ ಉಳಿದಿದೆ. ಕವಿ ಎ. ಇ. ಹೌಸ್‌ಮನ್‌ನ ತಂಗಿಯಾದ ಈಕೆ ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿ, ತೆರಿಗೆ ಕಟ್ಟಲು ನಿರಾಕರಿಸಿ, 1911ರಲ್ಲಿ ಲಂಡನ್ನಿನ ಹಾಲೋವೇ ಸೆರೆಮನೆಗೆ ಹೋದವರು.

ಕಥೆ ನಡೆಯುವುದು ಹಿಮ ಮುಚ್ಚಿದ ಉತ್ತರ ದೇಶದ ಒಂದು ದೊಡ್ಡ ಒಕ್ಕಲುಮನೆಯಲ್ಲಿ. ಮನೆಮಂದಿಯೆಲ್ಲ ಒಲೆಯ ಬೆಳಕಿನಲ್ಲಿ ತಂತಮ್ಮ ಕೆಲಸದಲ್ಲಿ ತೊಡಗಿರುವಾಗ ಹೊರಗಿನಿಂದ ಒಳಗೆ ಬಿಡಿರೆಂದು ಬೇಡುವ ದನಿ ಕೇಳಿಸುತ್ತದೆ: ಮೊದಲು ಮಗುವಿನ ದನಿ, ಬಾಗಿಲು ತೆರೆದರೆ ಯಾರೂ ಇಲ್ಲ, ಆಮೇಲೆ ಮುಪ್ಪಿನ ದನಿ, ಆಗಲೂ ಯಾರೂ ಇಲ್ಲ, ಮೂರನೆಯ ಸಲ ಬಿಳಿಯ ತುಪ್ಪಳದ ಉಡುಪಿನ, ಸೊಂಟದಲ್ಲಿ ಕೊಡಲಿ ಸಿಕ್ಕಿಸಿಕೊಂಡ ಚೆಲುವೆಯೊಬ್ಬಳು ಹೊಸ್ತಿಲ ಮೇಲೆ ನಿಂತಿದ್ದಾಳೆ. ರಾತ್ರಿ ಒಂದೇ ಸಲ ಕೂಗಿದ ದನಿಗೆ ಓಗೊಡಬಾರದೆಂದು ಹಿರಿಯರಿಂದ ಕೇಳಿ ಬೆಳೆದವರಿಗೆ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ನೋಡಿದವರಿಗೆ, ಈ ಪುಟಗಳ ನಡುಕವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆ ಮನೆಯ ಅವಳಿ ಸಹೋದರರಲ್ಲಿ ಸ್ವೇನ್ ಎಂಬುವನು ಅವಳಿಗೆ ಮನಸೋಲುತ್ತಾನೆ. ಇನ್ನೊಬ್ಬ, ಕ್ರಿಶ್ಚಿಯನ್, ಹೊರಗಿನಿಂದ ತಡವಾಗಿ ಬಂದವನು, ಹಿಮದ ಮೇಲೆ ದೊಡ್ಡದೊಂದು ತೋಳದ ಹೆಜ್ಜೆಗಳನ್ನು ಕಂಡಿದ್ದಾನೆ. ಅವು ಮನೆಯ ಬಾಗಿಲವರೆಗೂ ಬಂದಿವೆ, ಬಾಗಿಲಿನಿಂದ ಹಿಂತಿರುಗಿ ಹೋಗಿಲ್ಲ.

ಇಡೀ ಕಥೆಯ ಭೀತಿ ಈ ಒಂದು ವಿವರದಲ್ಲಿ ಅಡಗಿದೆ. ತೋಳ ಎಲ್ಲಿದೆ ಎಂಬುದು ಒಬ್ಬನಿಗೆ ಗೊತ್ತು, ಹೇಳಿದರೆ ನಂಬುವವರಿಲ್ಲ, ಸ್ವಂತ ಒಡಹುಟ್ಟಿದವನು ಅದನ್ನು ಹೊಟ್ಟೆಕಿಚ್ಚೆಂದು ಅರ್ಥ ಮಾಡಿಕೊಳ್ಳುತ್ತಾನೆ. ಮನೆಯ ಮಗುವೊಂದು ಕಾಣೆಯಾದ ಮೇಲೂ ಮಾತು ನಂಬಿಕೆಯನ್ನು ಗಳಿಸುವುದಿಲ್ಲ. ನಡುರಾತ್ರಿಯವರೆಗೆ ಕ್ರಿಶ್ಚಿಯನ್ ಅವಳೊಡನೆ ಹಿಮದಲ್ಲಿ ಓಡುವ ಓಟ ಇಂಗ್ಲಿಷ್ ಭಯಾನಕ ಸಾಹಿತ್ಯದ ಅತ್ಯುತ್ತಮ ಪುಟಗಳಲ್ಲಿ ಸೇರಬೇಕಾದದ್ದು. ಆದರೆ ಹೌಸ್‌ಮನ್ ಅಲ್ಲಿಗೆ ನಿಲ್ಲಿಸುವುದಿಲ್ಲ. ರಾತ್ರಿ ಕಳೆದ ಮೇಲೆ ಸ್ವೇನ್ ಆ ಹೆಜ್ಜೆಗುರುತುಗಳ ಜಾಡು ಹಿಡಿದು ಹೋಗುತ್ತಾನೆ. ರಾತ್ರಿ ನಡೆದುದನ್ನು ಹಿಮದ ಮೇಲೆ ಅಕ್ಷರ ಓದಿದಂತೆ ಓದುತ್ತಾನೆ. ಅವನು ಏನನ್ನು ಕಾಣುತ್ತಾನೆಂಬುದನ್ನು ನೀವೇ ಓದಿ ತಿಳಿಯಬೇಕು.

ಇನ್ನು ಗೈ ಎಂಡೋರ್‌ನ ‘ದಿ ವೇರ್‌ವುಲ್ಫ್ ಆಫ್ ಪ್ಯಾರಿಸ್’. 1933ರ ಈ ಕಾದಂಬರಿಯ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಹೇಳಬೇಕು, ಏಕೆಂದರೆ ಈ ಬಗೆಯ ಬರವಣಿಗೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ. ಕಥೆಯ ಹಿಂದೆ ನಿಜ ಮನುಷ್ಯನೊಬ್ಬನ ನೆರಳಿದೆ: ಪ್ಯಾರಿಸ್ಸಿನ ಸ್ಮಶಾನಗಳಲ್ಲಿ ಹೆಣಗಳನ್ನು ಅಗೆದು ವಿರೂಪಗೊಳಿಸಿ 1849ರಲ್ಲಿ ಶಿಕ್ಷೆಗೊಳಗಾದ ಫ್ರಾಂಸ್ವಾ ಬರ್ಟ್ರಾಂಡ್ ಎಂಬ ಸೈನಿಕ. ಎಂಡೋರ್ ಈ ಹೆಸರನ್ನು ಎತ್ತಿಕೊಂಡು, ಕಾಲವನ್ನು ಎರಡು ದಶಕ ಮುಂದಕ್ಕೆ ತಂದು, ತನ್ನ ಬರ್ಟ್ರಾಂಡ್‌ನನ್ನು 1870ರ ಪ್ರಷ್ಯಾ ಯುದ್ಧ ಮತ್ತು 1871ರ ಪ್ಯಾರಿಸ್ ಕಮ್ಯೂನಿನ, ಅಂದರೆ ನಗರದ ಜನ ಸರ್ಕಾರದ ವಿರುದ್ಧ ಎದ್ದು ಕೆಲವು ವಾರ ತಾವೇ ಆಡಳಿತ ನಡೆಸಿದ ಬಂಡಾಯದ, ನಡುವೆ ನಿಲ್ಲಿಸಿದ. ಈ ಬರ್ಟ್ರಾಂಡ್ ಪಾದ್ರಿಯೊಬ್ಬ ನಡೆಸಿದ ಅತ್ಯಾಚಾರದಿಂದ ಹುಟ್ಟಿದವನು, ಹುಟ್ಟಿದ್ದು ಕ್ರಿಸ್‌ಮಸ್‌ ಹೊತ್ತಿನಲ್ಲಿ. ಆ ಪವಿತ್ರ ಹೊತ್ತಿನಲ್ಲಿ ಹುಟ್ಟಿದವರಿಗೆ ಕೇಡು ತಪ್ಪದೆಂಬ ಯುರೋಪಿನ ಹಳ್ಳಿಗರ ನಂಬಿಕೆಯೇ ಇಲ್ಲಿನ ನಿಯಮ. ಕಚ್ಚಿದವರಿಲ್ಲ, ಶಪಿಸಿದವರಿಲ್ಲ. ಮಗು ತಾನು ಮಾಡದ ತಪ್ಪಿನ ಹೊರೆ ಹೊತ್ತು ಬಂದಿದೆ.

ಅವನನ್ನು ಸಾಕುವವನು ಏಮಾರ್ ಗಾಲಿಯೇ ಎಂಬ ಕುಂಟುಕಾಲಿನ ಸಾಧು ಮನುಷ್ಯ. ಕಾದಂಬರಿಯ ನಿಜವಾದ ನಾಯಕ ಇವನೇ ಎಂದು ನನ್ನ ಅಭಿಪ್ರಾಯ. ಹುಡುಗನಿಗೆ ಬೆಳಗ್ಗೆ ನೆನಪಿರುವುದು ಓಡಿದ ಕನಸು ಮಾತ್ರ. ಊರಿನಲ್ಲಿ ಕುರಿ ಸತ್ತದ್ದು ಗೊತ್ತಿರುವುದು ಗಾಲಿಯೇಗೆ. ಅವನು ಪೊಲೀಸರಿಗೆ ಹೇಳುವುದಿಲ್ಲ. ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕಿ, ಹಸಿ ಮಾಂಸ ತಿನ್ನಿಸಿ, ಕಾಯಿಲೆಯೆಂದು ಅವನನ್ನೂ ತನ್ನನ್ನೂ ನಂಬಿಸಿಕೊಳ್ಳುತ್ತ ಬದುಕುತ್ತಾನೆ. ಮನೆಯಲ್ಲಿ ಒಬ್ಬರ ಕುಡಿತವನ್ನೋ, ಹುಚ್ಚನ್ನೋ, ಕೈಮಾಡುವ ಚಾಳಿಯನ್ನೋ ವರ್ಷಗಟ್ಟಲೆ ಮುಚ್ಚಿಟ್ಟು ಬದುಕಿದ ಯಾರೇ ಆಗಲಿ ಈ ಅಧ್ಯಾಯಗಳನ್ನು ಓದುವಾಗ ತೋಳವನ್ನು ಮರೆತೇಬಿಡುತ್ತಾರೆ. ಪ್ರೀತಿ ಮತ್ತು ಅಪರಾಧದಲ್ಲಿ ಪಾಲುಗಾರಿಕೆ ಇಲ್ಲಿ ಒಂದೇ ಕೈಯ ಎರಡು ಬೆರಳುಗಳಂತಿವೆ. ಬಿಡಿಸಿ ತೋರಿಸುವ ಅವಸರ ಲೇಖಕನಿಗಿಲ್ಲ.

ಬರ್ಟ್ರಾಂಡ್ ತಪ್ಪಿಸಿಕೊಂಡು ಪ್ಯಾರಿಸ್ ಸೇರಿದ ಮೇಲೆ ಕಾದಂಬರಿ ಇನ್ನೊಂದು ಎತ್ತರಕ್ಕೆ ಹೋಗುತ್ತದೆ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂದು ನಮ್ಮಲ್ಲಿ ಗಾದೆಯಿದೆ. ಕಲ್ಲೆಸೆಯುವ ಆಳುಗಳು ಯಾರು, ಅವರ ಕೈ ಎಷ್ಟು ಶುದ್ಧ ಎಂದು ಗಾದೆ ಕೇಳುವುದಿಲ್ಲ, ಎಂಡೋರ್ ಕೇಳುತ್ತಾನೆ. 1871ರ ಮೇ 21ರಿಂದ 28ರವರೆಗಿನ ಒಂದೇ ವಾರದಲ್ಲಿ ಸರ್ಕಾರಿ ಸೈನ್ಯ ಪ್ಯಾರಿಸ್ಸಿನ ಬೀದಿಗಳಲ್ಲಿ ಸಾವಿರಾರು ಜನರನ್ನು ಗುಂಡಿಟ್ಟು ಕೊಂದಿತು. ಕಮ್ಯೂನಿನವರೂ ಒತ್ತೆಯಾಳುಗಳನ್ನು ಕೊಂದಿದ್ದರು. ಆ ಕಗ್ಗೊಲೆಯ ನಡುವೆ ನಿಂತು, ಒಂದೆರಡು ಜೀವ ತೆಗೆದ ಒಬ್ಬ ತೋಳವನ್ನು ಹಿಡಿದುಕೊಡಲು ತಾನೇಕೆ ಇಷ್ಟು ದೂರ ಬಂದೆನೆಂದು ಗಾಲಿಯೇ ತನ್ನನ್ನೇ ಕೇಳಿಕೊಳ್ಳುತ್ತಾನೆ. ಬರ್ಟ್ರಾಂಡ್ ಕನಿಷ್ಠ ಮರುದಿನ ನಾಚುತ್ತಾನೆ, ತನ್ನನ್ನು ಕಟ್ಟಿಹಾಕಿ ಎಂದು ಬೇಡುತ್ತಾನೆ. ಗುಂಡು ಹಾರಿಸಲು ಆಜ್ಞೆ ಕೊಟ್ಟವರಿಗೆ ಅಂಥ ಬೆಳಗು ಬರುವುದೇ ಇಲ್ಲ. ಎಡಪಂಥೀಯ ಒಲವಿನ ಎಂಡೋರ್ ಮರುವರ್ಷವೇ ಹೈಟಿಯ ಗುಲಾಮರ ಬಂಡಾಯವನ್ನು ಕುರಿತ ಕಾದಂಬರಿ ಪ್ರಕಟಿಸಿದ. ಆದರೆ ಇಲ್ಲಿ ಅವನು ಭಾಷಣ ಬಿಗಿಯುವುದಿಲ್ಲ. ತೋಳವೊಂದನ್ನು ಊರಿನ ನಡುವೆ ಬಿಟ್ಟು ಊರನ್ನು ಅಳೆಯುತ್ತಾನೆ, ಅಷ್ಟೇ. 1961ರಲ್ಲಿ ಹ್ಯಾಮರ್ ಸಂಸ್ಥೆ ಇದನ್ನು ಸಿನಿಮಾ ಮಾಡಿದಾಗ ಕಥೆಯನ್ನು ಸ್ಪೇನಿಗೆ ಸ್ಥಳಾಂತರಿಸಿತು. ಕಮ್ಯೂನ್ ಬಿಟ್ಟುಹೋಯಿತು, ಅದರೊಂದಿಗೆ ಕಾದಂಬರಿಯ ಮುಖ್ಯ ಪ್ರಶ್ನೆಯೂ ಬಿಟ್ಟುಹೋಯಿತು. ಸಿನಿಮಾ ಇರುವಾಗ ಪುಸ್ತಕವೇಕೆ ಎಂಬ ನಿಮ್ಮ ಸಂದೇಹಕ್ಕೆ ಇದೂ ಒಂದು ಉತ್ತರ.

ಮರುದಿನದ ಬೆಳಗಿನ ಈ ಚಿಂತೆ ಲೇಖಕರು ಹೊಸದಾಗಿ ಹುಟ್ಟಿಸಿದ್ದಲ್ಲ. ಯುರೋಪಿನ ನ್ಯಾಯಾಲಯಗಳ ದಾಖಲೆಗಳಲ್ಲಿಯೇ ಅದು ಇತ್ತು. 1589ರಲ್ಲಿ ಕಲೋನ್ ಸಮೀಪದ ಬೆಡ್‌ಬುರ್ಗ್‌ನಲ್ಲಿ ಪೀಟರ್ ಸ್ಟೂಬ್ ಎಂಬುವನನ್ನು ತೋಳಮಾನವನೆಂದು ಚಿತ್ರಹಿಂಸೆ ಕೊಟ್ಟು ಕೊಂದರು. 1603ರಲ್ಲಿ ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ಜ್ಯಾನ್ ಗ್ರೆನಿಯೇ ಎಂಬ, ಹದಿನಾಲ್ಕು ವರ್ಷವೂ ತುಂಬಿರದಂಥ ದನಗಾಹಿ ಹುಡುಗ ತಾನೇ ತೋಳವಾಗಿ ಮಕ್ಕಳನ್ನು ತಿಂದೆನೆಂದು ಒಪ್ಪಿಕೊಂಡ. ಅಲ್ಲಿನ ಉಚ್ಚ ನ್ಯಾಯಾಲಯ ಅವನನ್ನು ಸುಡಲಿಲ್ಲ. ಬುದ್ಧಿ ಬೆಳೆಯದ, ದಿಕ್ಕಿಲ್ಲದ ಹುಡುಗನೆಂದು ಬಗೆದು ಸಂನ್ಯಾಸಿಗಳ ಮಠವೊಂದರಲ್ಲಿ ಜೀವಾವಧಿ ಇರಿಸಲು ಆಜ್ಞೆ ಮಾಡಿತು. ಹದಿನಾಲ್ಕು ವರ್ಷಗಳ ಅಂತರದ ಈ ಎರಡು ತೀರ್ಪುಗಳ ನಡುವಿನ ಬಿರುಕಿನಿಂದಲೇ ಆಮೇಲಿನ ಕಾದಂಬರಿಗಳು ಹುಟ್ಟಿಬಂದಿವೆ ಎನ್ನಬಹುದು. ಎದುರಿಗೆ ನಿಂತಿರುವುದು ತೋಳವೋ, ಕಾಯಿಲೆಯ ಮಗುವೋ? ಇಂಥ ಪ್ರಕರಣಗಳನ್ನೆಲ್ಲ 1865ರಲ್ಲಿ ಸೇಬೈನ್ ಬೇರಿಂಗ್-ಗೂಲ್ಡ್ ಎಂಬ ಇಂಗ್ಲಿಷ್ ಪಾದ್ರಿ ‘ದಿ ಬುಕ್ ಆಫ್ ವೇರ್‌ವುಲ್ವ್ಸ್’ ಎಂಬ ಪುಸ್ತಕದಲ್ಲಿ ಒಟ್ಟುಗೂಡಿಸಿದ. ಫ್ರಾನ್ಸಿನ ಹಳ್ಳಿಯೊಂದರಲ್ಲಿ ಕತ್ತಲಾದ ಮೇಲೆ ಬಯಲು ದಾಟಿಸಲು ಊರವರು ಯಾರೂ ಜೊತೆ ಬರಲೊಪ್ಪದೆ, ತೋಳಮಾನವನ ಭಯ ಹೇಳಿ ಹಿಂಜರಿದಾಗ, ಕೈಯಲ್ಲಿ ಒಂದು ಕೋಲು ಹಿಡಿದು ತಾನೊಬ್ಬನೇ ನಡೆದುಬಂದ ರಾತ್ರಿಯಿಂದ ಅವನ ಪುಸ್ತಕ ಆರಂಭವಾಗುತ್ತದೆ.

ಜ್ಯಾಕ್ ವಿಲಿಯಮ್‌ಸನ್‌ನ ‘ಡಾರ್ಕರ್ ದ್ಯಾನ್ ಯೂ ಥಿಂಕ್’ ಅಮೆರಿಕದಲ್ಲಿ 1940ರಲ್ಲಿ ಪತ್ರಿಕೆಯಲ್ಲಿ ಬಂದು, 1948ರಲ್ಲಿ ಬೆಳೆದು ಪುಸ್ತಕವಾಯಿತು. ಇದರಲ್ಲಿ ಬೆಳಗಿನ ಭಯ ಬೇರೆ ತಿರುವು ಪಡೆಯುತ್ತದೆ. ಕುಡಿತದ ಚಟವಿರುವ ಪತ್ರಿಕಾ ವರದಿಗಾರ ವಿಲ್ ಬಾರ್ಬಿ ರಾತ್ರಿ ತಾನು ಮೃಗವಾಗಿ ಓಡಾಡಿದ ಕನಸು ಕಾಣುತ್ತಾನೆ; ಬೆಳಗಾದರೆ ಗೆಳೆಯರಲ್ಲೊಬ್ಬರ ಸಾವಿನ ಸುದ್ದಿ, ಕನಸಿನಲ್ಲಿ ಕಂಡ ರೀತಿಯಲ್ಲಿಯೇ. ವಿಲಿಯಮ್‌ಸನ್ ಸ್ವತಃ ಮನೋವಿಶ್ಲೇಷಣೆಗೆ ಒಳಗಾಗಿದ್ದವನು, ಅದರ ಗುರುತು ಪುಟಪುಟದಲ್ಲಿ ಇದೆ. ಬಾರ್ಬಿಯನ್ನು ನಿಜವಾಗಿ ಹೆದರಿಸುವುದು ತಾನು ಕೊಂದಿರಬಹುದೆಂಬುದಲ್ಲ, ಕನಸಿನಲ್ಲಿ ತನಗೆ ಅಷ್ಟು ಹಾಯೆನಿಸಿತಲ್ಲ ಎಂಬುದು. ಹಗಲಿನ ಬಡಕಲು ಬದುಕಿಗಿಂತ ಆ ಓಟವೇ ಚೆನ್ನಾಗಿತ್ತೆಂದು ಒಪ್ಪಿಕೊಳ್ಳಲಾರದ ಅವನ ಒದ್ದಾಟ ನನಗೆ ಮೊದಲ ಓದಿನಲ್ಲಿ ಅಸಹ್ಯ ತಂದಿತ್ತು, ಎರಡನೆಯ ಓದಿನಲ್ಲಿ ಕನಿಕರ ತಂದಿತು.

ಈಗ ನಿಮಗೆ ಸಿಕ್ಕ 1970ರ ದಶಕಕ್ಕೆ ಬರೋಣ. ಅಂದಿನ ಅಗ್ಗದ ಪೇಪರ್‌ಬ್ಯಾಕ್‌ಗಳ ಮುಖಪುಟಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು, ಒಳಗಿನ ಸರಕು ಮಾತ್ರ ಒಂದೇ ಅಲ್ಲ. ಗ್ಯಾರಿ ಬ್ರ್ಯಾಂಡ್ನರ್‌ನ 1977ರ ‘ದಿ ಹೌಲಿಂಗ್’ ವೇಗವಾಗಿ ಓದಿಸಿಕೊಳ್ಳುತ್ತದೆ, ಆದರೆ ಹೆಣ್ಣಿನ ಮೇಲಿನ ದೌರ್ಜನ್ಯವನ್ನು ಕಥೆಯ ಚಾಲನೆಗೆಂದು ಬಳಸಿ ಅದರ ನೋವಿನ ಬಳಿ ನಿಲ್ಲದೆ ಮುಂದೆ ಹೋಗುತ್ತದೆ. ಆ ಕಾಲದ ಇಂಥ ಬಹಳಷ್ಟು ಪುಸ್ತಕಗಳ ದೋಷ ಇದು, ಹಳೆಯದೆಂಬ ಮಮತೆಯಿಂದ ನಾವು ಅದನ್ನು ಮರೆಮಾಡಬಾರದು. ವಿಟ್ಲಿ ಸ್ಟ್ರೀಬರ್‌ನ 1978ರ ‘ದಿ ವುಲ್ಫನ್’ ಕಟ್ಟುನಿಟ್ಟಾಗಿ ಹೇಳಿದರೆ ತೋಳಮಾನವನ ಕಥೆಯೇ ಅಲ್ಲ: ನ್ಯೂಯಾರ್ಕಿನ ಪಾಳುಬಿದ್ದ ಕೇರಿಗಳಲ್ಲಿ ಯಾರೂ ಲೆಕ್ಕವಿಡದ ಬಡವರನ್ನು ಬೇಟೆಯಾಡಿ ಬದುಕುವ, ಮನುಷ್ಯರಷ್ಟೇ ಬುದ್ಧಿಯುಳ್ಳ ಮೃಗಗಳ ಕಥೆ. ಅದರಲ್ಲಿ ಆ ಮೃಗಗಳ ದೃಷ್ಟಿಯಿಂದ, ಅವುಗಳ ಮೂಗಿನಿಂದಲೇ ನಗರವನ್ನು ಕಾಣಿಸುವ ಭಾಗಗಳು ಇಂದಿಗೂ ಮಾಸಿಲ್ಲ. ಥಾಮಸ್ ಟೆಸಿಯರ್‌ನ 1979ರ ‘ದಿ ನೈಟ್‌ವಾಕರ್’ ಎಲ್ಲಾದರೂ ಕಣ್ಣಿಗೆ ಬಿದ್ದರೆ ಬಿಡಬೇಡಿ. ವಿಯೆಟ್ನಾಂ ಯುದ್ಧದಿಂದ ಮರಳಿ ಲಂಡನ್ನಿನಲ್ಲಿ ನೆಲೆಸಿದ ಅಮೆರಿಕನ್ ಯುವಕನೊಬ್ಬನಿಗೆ ತನ್ನೊಳಗೆ ನಡೆಯುತ್ತಿರುವುದು ಹುಚ್ಚೋ ಮತ್ತೇನೋ ಎಂಬುದು ತಿಳಿಯದೆ ಹೋಗುವ ಸಣ್ಣ ಕಾದಂಬರಿ ಅದು; ಗಾಲಿಯೇಯಂತೆ ಕಾಯುವವರು ಅವನಿಗೆ ಯಾರೂ ಇಲ್ಲ.

ಓದುವ ಕ್ರಮವನ್ನು ಕೇಳಿದ್ದೀರಿ. ಹೌಸ್‌ಮನ್‌ಳ ಕಿರುಕಾದಂಬರಿಯಿಂದ ಆರಂಭಿಸಿ. ಅದೂ ರೆನಾಲ್ಡ್ಸ್, ಬೇರಿಂಗ್-ಗೂಲ್ಡ್‌ರ ಪುಸ್ತಕಗಳೂ ಹಕ್ಕುಸ್ವಾಮ್ಯ ಮುಗಿದವಾದ್ದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆಮೇಲೆ ಎಂಡೋರ್. ಅವನ ಕಾದಂಬರಿಯಲ್ಲಿ ಲೈಂಗಿಕ ಹಿಂಸೆಯೂ ರಕ್ತದ ವಿವರಗಳೂ ಸಾಕಷ್ಟಿವೆ, ಅದನ್ನು ತಿಳಿದೇ ಕೈಗೆ ತೆಗೆದುಕೊಳ್ಳಿ. ಕಮ್ಯೂನಿನ ಬಗ್ಗೆ ಮೊದಲೇ ಹತ್ತು ಪುಟ ಓದಿಕೊಂಡರೆ ಕೊನೆಯ ಮೂರನೆಯ ಒಂದು ಭಾಗ ಇನ್ನಷ್ಟು ತೆರೆದುಕೊಳ್ಳುತ್ತದೆ. ಎಂಡೋರ್ ಮುಗಿದ ಮೇಲೆ ವಿಲಿಯಮ್‌ಸನ್, ಟೆಸಿಯರ್ ಯಾವ ಕ್ರಮದಲ್ಲಿ ಬಂದರೂ ಆದೀತು. ನೀವು ಅರ್ಧಕ್ಕೆ ಬಿಟ್ಟ ಆ ಪುಸ್ತಕವನ್ನು ಎಸೆಯುವ ಮುನ್ನ ಒಂದು ಕೆಲಸ ಮಾಡಿ: ಮೊದಲ ಸಾವಿನ ನಂತರದ ಅಧ್ಯಾಯವನ್ನು ಇನ್ನೊಮ್ಮೆ ತೆರೆದು, ಅಲ್ಲಿ ಯಾರು ಎಚ್ಚರಗೊಳ್ಳುತ್ತಾರೆ, ಅವರ ಎದುರಿಗೆ ಯಾರು ಕುಳಿತಿರುತ್ತಾರೆ ಎಂಬುದನ್ನು ನೋಡಿ. ಅಂಥ ಪುಟವೇ ಅಲ್ಲಿಲ್ಲದೆ ಕಥೆ ನೇರವಾಗಿ ಮುಂದಿನ ರಾತ್ರಿಗೆ ಹಾರಿದ್ದರೆ, ಪುಸ್ತಕವನ್ನು ಅವೆನ್ಯೂ ರಸ್ತೆಗೆ ಮರಳಿಸಬಹುದು.